ಮೊಟ್ಟೆಯಿಲ್ಲದ ಮೊಟ್ಟೆ

ಜಯನಗರ ನಾಲ್ಕನೇ ಟಿ ಬ್ಲಾಕಿನ ನಮ್ಮ ಮನೆ ಕಂಡ ಮೊಟ್ಟೆ ಎಂದರೆ ಬಚ್ಚಲ ಕಿಟಕಿಯಲ್ಲಿ ಪಾರಿವಾಳ ಇಟ್ಟದ್ದು ಮಾತ್ರ. 2025ರ ಏಪ್ರಿಲ್ 20ರ ಈಸ್ಟರ್ ಭಾನುವಾರ ಮೇಲಿನ ಮನೆಯ ಮಂಗಳೂರು ಆಂಟಿ ಆ ದಾಖಲೆ ಮುರಿದರು. ಅಂಗೈಯಗಲದ ಗುಲಾಬಿ ಮೊಟ್ಟೆ, ಮೈಮೇಲೆ ಸಕ್ಕರೆಯ ಬಳ್ಳಿ, ಸೊಂಟಕ್ಕೆ ರಿಬ್ಬನ್ನು. "ಮೊಟ್ಟೆ ಹಾಕಿಲ್ಲ ಮಾರಾಯ್ರೆ, ಬರೀ ಸಕ್ಕರೆ, ಗೋಡಂಬಿ," ಅಂದರು.

ಅಮ್ಮ ನಗುತ್ತಲೇ ತೆಗೆದುಕೊಂಡಳು. ಆಮೇಲೆ ಶುರುವಾಯಿತು ಧರ್ಮಸೂಕ್ಷ್ಮ. ಒಳಗೆ ಗೋಡಂಬಿ, ಆಕಾರ ಮೊಟ್ಟೆ. ಅಡುಗೆಮನೆಗೆ ಬೇಡ, ದೇವರಮನೆಗೆ ಎದುರಾಗಿಯೂ ಬೇಡ. ಕೊನೆಗೆ ಟಿವಿ ಪಕ್ಕ, ದಸರಾ ಬೊಂಬೆಯ ಶೆಟ್ಟಿ-ಶೆಟ್ಟಮ್ಮರ ನಡುವೆ ಜಾಗ ಸಿಕ್ಕಿತು. ಪಾಪ, ಅವರಿಗೂ ಮಕ್ಕಳಿರಲಿಲ್ಲ.

"ಇವರ ಹಬ್ಬಕ್ಕೆ ಒಂದು ತಾರೀಕು ಅಂತಿಲ್ಲವಲ್ರೀ, ಹೋದ ವರ್ಷ ಮಾರ್ಚಲ್ಲೇ ಆಯ್ತು," ಅಂದಳು ಅಮ್ಮ.

"ನಮ್ಮದಕ್ಕೆ ಇದೆಯೇನು?" ಎಂದು ಅಪ್ಪ ಪಂಚಾಂಗ ತೆಗೆದರು.

ನೋಡಿದರೆ ಅದೂ ಪಂಚಾಂಗದ ಹಬ್ಬವೇ! ಎಲ್ಲರೂ ಒಂದೇ ದಿನ ಮಾಡೋಣ ಎಂದು ಬಿಷಪ್ಪರು 325ರಲ್ಲಿ ನೈಸಿಯಾದಲ್ಲಿ ಸೇರಿ ಗೊತ್ತುಮಾಡಿದ್ದರು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದು ಕಳೆದ ಮೇಲಿನ ಭಾನುವಾರ ಈಸ್ಟರ್ ಎಂಬುದು ಲೆಕ್ಕ. ಮೂಲ ಇರುವುದು ಯೆಹೂದ್ಯರ ಹುಣ್ಣಿಮೆಯ ಹಬ್ಬ ಪೆಸಾಖ್‌ನಲ್ಲಿ. ಆ ಹೆಸರೇ ಕನ್ನಡ ಕ್ರೈಸ್ತರ ಬಾಯಲ್ಲಿ 'ಪಾಸ್ಖ' ಆಯಿತು. ಬಿಟಿಎಂ ಕಡೆಯ ಮಲಯಾಳಿ ಕ್ರೈಸ್ತರು 'ಪೆಸಹಾ' ಅನ್ನುತ್ತಾರೆ. ಈಸ್ಟರ್‌ಗೆ ಮುಂಚಿನ ಗುರುವಾರ ರಾತ್ರಿ ಹುಳಿ ಬರಿಸದ ಅಪ್ಪವನ್ನು ಮನೆಯ ಹಿರಿಯ ಮುರಿದು, ದೊಡ್ಡವರಿಂದ ಚಿಕ್ಕವರವರೆಗೆ ಹಂಚುತ್ತಾನೆ. ನಂಚಿಕೊಳ್ಳಲು ಬೆಲ್ಲ ಹಾಕಿದ ತೆಂಗಿನ ಹಾಲು. ಇದಂತೂ ನಮ್ಮ ಅಮ್ಮನ ಅಡುಗೆಮನೆಗೆ ನೇರ ಪ್ರವೇಶ ಪಡೆಯಬಲ್ಲ ಹಬ್ಬ.

2025ರ ಏಪ್ರಿಲ್ 12ರ ರಾತ್ರಿ ಜೆರುಸಲೇಮಿನವರು ಪೆಸಾಖ್ ಊಟಕ್ಕೆ ಕೂತಿದ್ದರು. ಅದೇ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಕರಗ ಹೊರಟು, ವಾಡಿಕೆಯಂತೆ ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿಬಂತು. ಮಾರನೇ ದಿನ ಕ್ರೈಸ್ತರ ಗರಿಗಳ ಭಾನುವಾರ. ಎಲ್ಲಕ್ಕೂ ಒಂದೇ ಚಂದ್ರ.

ಅಪ್ಪನಿಗೆ ಹುರುಪು ಬಂತು. "ಕರಗ ಮುಗಿದ ಮೇಲೆ ಈಸ್ಟರ್" ಎಂದು ಸೂತ್ರ ಕಟ್ಟಿದರು. 2024 ಕೈಕೊಟ್ಟಿತು. ಆ ವರ್ಷ ಈಸ್ಟರ್ ಮಾರ್ಚ್ 31, ಯುಗಾದಿಗಿಂತ ಮೊದಲು. ಕರಗ ಏಪ್ರಿಲ್ 23. "ಅದರ ಹಿಂದಿನ ವರ್ಷ ಅಧಿಕ ಶ್ರಾವಣ ಬಂದಿತ್ತಲ್ಲ, ಇವರು ಹಿಡಿದೇ ಇಲ್ಲ!" ಎಂದು ರೋಮಿನ ಮೇಲೆ ಸಿಟ್ಟಾದರು. ಹಳೇ ಜೂಲಿಯನ್ ಲೆಕ್ಕ ಬಿಡದ ಗ್ರೀಸಿನವರು ಮೇ 5ರಂದು ಆಚರಿಸಿದ್ದರೆಂದು ತಿಳಿದು ಅವರ ಪಕ್ಷ ಸೇರಿಕೊಂಡರು. ಸ್ಮಾರ್ತರ ಗೋಕುಲಾಷ್ಟಮಿ ಒಂದು ದಿನ, ಅಯ್ಯಂಗಾರರ ಜಯಂತಿ ಇನ್ನೊಂದು ದಿನ ಎಂದು ಎರಡೂ ಕಡೆ ಚಕ್ಕುಲಿ ತಿನ್ನುವ ನಾವು ಇದಕ್ಕೆ ಅಚ್ಚರಿಪಡುವಂತಿಲ್ಲ. 2025ರಲ್ಲಿ ರೋಮು, ಗ್ರೀಸು ಎರಡಕ್ಕೂ ಈಸ್ಟರ್ ಒಂದೇ ದಿನ ಬಿದ್ದದ್ದು ಅಪ್ಪನಿಗೆ ಕೊಂಚ ಸಮಾಧಾನ.

ಗ್ರೀಸಿನಲ್ಲಿ ಮೊಟ್ಟೆಗೆ ಕೆಂಪು ಬಣ್ಣ ಬಳಿದು ಒಂದಕ್ಕೊಂದು ಕುಟ್ಟುತ್ತಾರೆ. ಒಡೆಯದೆ ಉಳಿದವನಿಗೆ ಅದೃಷ್ಟ. ಪೋಲೆಂಡಿನಲ್ಲಿ ಈಸ್ಟರ್‌ನ ಮರುದಿನ ಸೋಮವಾರ ಒಬ್ಬರಿಗೊಬ್ಬರು ನೀರೆರಚುತ್ತಾರೆ. ಏಪ್ರಿಲ್ ಬೆಂಗಳೂರಿನಲ್ಲಿ ಅದಕ್ಕೆ ಟ್ಯಾಂಕರ್ ತರಿಸಬೇಕು.

ಮೂರನೇ ದಿನ ಶೆಟ್ಟಮ್ಮನ ಸೆರಗಿನಿಂದ ಇರುವೆ ಸಾಲು ಹೊರಟಿತು. ಇನ್ನು ತಡೆಯುವಂತಿರಲಿಲ್ಲ. ಅಪ್ಪ ಮೊಟ್ಟೆಯನ್ನು ವರಾಂಡದ ಮೆಟ್ಟಿಲಿಗೆ ಒಯ್ದು, ಈಡುಗಾಯಿ ಒಡೆಯುವ ಗತ್ತಿನಲ್ಲಿ ಕುಟ್ಟಿದರು. ಒಳಗೆ ಟೊಳ್ಳು, ನಾಲ್ಕು ಬಣ್ಣದ ಪೆಪ್ಪರಮಿಂಟು ಉರುಳಿದವು. ಅಮ್ಮ ಚಿಪ್ಪಿನ ಚೂರೊಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ ಚಪ್ಪರಿಸಿದಳು.

"ಗೋಡಂಬಿ ಬರ್ಫಿನೇ ಕಣ್ರೀ. ಒಂದೆರಡು ಏಲಕ್ಕಿ ಬೀಳಬೇಕಿತ್ತು."