ಒಂದು ಚೀಲ ಅನ್ಯೋನ್ಯತೆ

ನಮ್ಮ ಕಡೆ ಹಳ್ಳಿಗಳಲ್ಲಿ ಸಭೆ ಎಂದರೆ ಹತ್ತಕ್ಕೆ ಎಂದು ಡಂಗುರ ಹೊಡೆಸಿ, ಹನ್ನೆರಡಕ್ಕೆ ಶುರುವಾಗಿ, ಹನ್ನೆರಡೂಕಾಲಿಗೆ ಯಾರದೋ ಮನೆಯ ಗಟಾರದ ನೀರಿನ ಮೇಲೆ ಜಗಳ ಬಿದ್ದು ಮುಗಿಯುವ ಕಾರ್ಯಕ್ರಮ. ಹೀಗಾಗಿ ಕಾಲೇಜಿಗೆಂದು ಬೆಳ್ಳಟ್ಟಿಯಿಂದ ಬೆಟಗೇರಿಗೆ ಬಂದು ಖೋಲಿ ಹಿಡಿದ ಮೊದಲ ರವಿವಾರ, ಮನೆ ಮಾಲಕಿ ಬಾಯಾರು ಇಸ್ತ್ರಿ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ “ಸಭೆಗೆ ಬರ್ತೀಯೇನಪಾ?” ಎಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ಯಾರ ಮ್ಯಾಲ ತಕರಾರೈತ್ರಿ?”

ಬಾಯಾರು ನಿವೃತ್ತ ನರ್ಸು. ಆಯುಷ್ಯವೆಲ್ಲ ‘ಜರ್ಮನ್ ದವಾಖಾನಿ’ಯಲ್ಲಿ ಕಳೆದವರು. ಬಾಸೆಲ್ ಮಿಷನ್ ಆಸ್ಪತ್ರೆಗೆ ಗದಗ-ಬೆಟಗೇರಿಯ ಮಂದಿ ಇಟ್ಟುಕೊಂಡ ಹೆಸರು ಅದು. ಬಾಸೆಲ್ ಪಟ್ಟಣ ಇರುವುದು ಸ್ವಿಟ್ಜರ್ಲೆಂಡಿನಲ್ಲಿ ಎಂದು ನಾನೊಮ್ಮೆ ಜಾಣತನ ತೋರಿಸಹೋಗಿದ್ದೆ. “ಬಂದವರೊಳಗ ಭಾಳ ಮಂದಿ ಜರ್ಮನರಽ. ಸೂಜಿ ಚುಚ್ಚಿಸ್ಕೊಂಡವ್ರಿಗೆ ಗೊತ್ತಿರ್ತೈತಿ, ನಕಾಶಾ ನೋಡಿದವ್ರಿಗಲ್ಲ” ಎಂದು ಬಾಯಾರು ಬಾಯಿ ಮುಚ್ಚಿಸಿದ್ದರು.

ತಕರಾರಿಲ್ಲದ ಸಭೆ ಹೇಗಿರುತ್ತದೆಂಬ ಕುತೂಹಲಕ್ಕೆ ಹೋದೆ. ಹೋದವನಿಗೆ ತಿಳಿದದ್ದೇನೆಂದರೆ, ಅಲ್ಲಿ ಆಡುವ ಮಾತೆಲ್ಲ ನನ್ನವೇ, ಅರ್ಥ ಮಾತ್ರ ಬೇರೆ. “ಅಯ್ಯನವರು ಬಂದ್ರು” ಎಂದರು. ವಿಭೂತಿ, ಬೆತ್ತ ಹುಡುಕಿದರೆ ಬಿಳಿ ನಿಲುವಂಗಿಯ ಸಭಾಪಾಲಕರು ಬಂದರು. “ಈಗ ಅಯ್ಯನವರ ಪ್ರಸಂಗ” ಎಂದರು. ನಮ್ಮಲ್ಲಿ ಪ್ರಸಂಗ ಬರುವುದು ಸಾಲ ಕೊಟ್ಟವನು ಸಂತೆಯಲ್ಲಿ ಎದುರಾದಾಗ. ಇಲ್ಲಿ ಅದು ಮುಕ್ಕಾಲು ತಾಸಿನ ಉಪದೇಶ. ಎಲ್ಲಕ್ಕಿಂತ ನನ್ನನ್ನು ತಬ್ಬಿಬ್ಬು ಮಾಡಿದ್ದು ‘ಅನ್ಯೋನ್ಯತೆ’. ಲಗ್ನವಾಗಿ ಆರು ತಿಂಗಳೊಳಗಿನ ಗಂಡಹೆಂಡತಿಗೆ ಮಾತ್ರ ಅನ್ವಯಿಸುವ ಪದ ಅದೆಂದು ನಾನು ತಿಳಿದಿದ್ದೆ. ಇಲ್ಲಿ ಪ್ರಕಟಣೆ ಓದುವ ಹಿರಿಯರೊಬ್ಬರು ಕನ್ನಡಕ ಏರಿಸಿ, “ಬುಧವಾರ ಸಂಜಿ ಆರಕ್ಕ ಸ್ತ್ರೀಯರ ಅನ್ಯೋನ್ಯತೆ, ಶನಿವಾರ ಯೌವನಸ್ಥರ ಅನ್ಯೋನ್ಯತೆ, ಎಲ್ಲಾರೂ ತಪ್ಪದ ಹಾಜರಿರಬೇಕು” ಎಂದು ರೇಶನ್ ಅಂಗಡಿಯ ಬೋರ್ಡು ಓದಿದಂತೆ ಓದಿಬಿಟ್ಟರು.

ಊರಿಗೆ ಹೋದಾಗ ಅವ್ವನಿಗೆ ಅಳುಕುತ್ತಲೇ ಹೇಳಿದೆ. ಅವ್ವ ಕೇಳಿದ್ದು, “ಅಲ್ಲೇನ ಕೊಡ್ತಾರ?”

“ಚಾ, ಚುನಮರಿ. ಹಬ್ಬಿದ್ರ ಊಟ.”

“ಹಂಗಾದ್ರ ಹೋಗು. ಖಾನಾವಳಿ ರೊಕ್ಕ ಉಳೀತೈತಿ.”

ಶಿರಹಟ್ಟಿ ಫಕ್ಕೀರೇಶ್ವರರಿಗೆ ನಡೆದುಕೊಳ್ಳುವ ಸೀಮೆ ನಮ್ಮದು. ಮಠದ ಸ್ವಾಮಿಯ ಹೆಸರಿನಲ್ಲೇ ಫಕೀರ ಕೂತಿರುವಾಗ, ಮಗನ ತಾಟಿನಲ್ಲಿ ಒಂದಿಷ್ಟು ಬಾಸೆಲ್ ಚುನಮರಿ ಬಿದ್ದರೆ ಅವ್ವನಿಗೇನು ತೊಂದರೆ?

ಹಾಡಿನ ವಿಷಯಕ್ಕೆ ಬಂದರೆ, ಮೊದಲ ತಿಂಗಳು ನನಗೆ ಕನ್ನಡದ ಸಾಲುಗಳು ಜರ್ಮನ್ ಬೂಟು ಹಾಕಿ ನಡೆಯುತ್ತಿವೆ ಎನ್ನಿಸುತ್ತಿತ್ತು. ಒಂದೊಂದು ಅಕ್ಷರವನ್ನೂ ಎಳೆದೆಳೆದು, ನಾಲ್ಕು ದನಿಯಲ್ಲಿ ನಾಲ್ಕು ದಿಕ್ಕಿಗೆ. ಆಮೇಲೆ ಹಾರ್ಮೋನಿಯಂ ಪೇಟಿ, ತಬಲಾ ಎದ್ದು ಭಜನೆಯ ಧಾಟಿ ಶುರುವಾದಾಗ ಹಿಂದಿನ ಬೆಂಚಿನ ಮುದುಕರು ಎಚ್ಚರಾಗುತ್ತಿದ್ದರು. ಈ ಇಕ್ಕಟ್ಟು ಹಳೆಯದು. 1853ರಲ್ಲಿ ಬಂದ ಮಿಷನ್ನಿನ ಪಾದ್ರಿ ಕಿಟೆಲ್, 1894ರಲ್ಲಿ ಆ ದೊಡ್ಡ ನಿಘಂಟು ಕೊಡುವ ಎಷ್ಟೋ ಮೊದಲು, 1862ರಲ್ಲೇ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಕಥೆಯನ್ನು ದೇಸಿ ಛಂದಸ್ಸಿಗೆ ಕೂಡಿಸಿದ್ದರು. ಹಿಂದಿನ ಬೆಂಚಿನ ಮುದುಕರ ಪೂರ್ವಜರನ್ನು ಅವರು ನೋಡಿದ್ದಿರಬೇಕು ಎಂದು ನನ್ನ ಗುಮಾನಿ.

ಕನ್ನಡದ ಬಗ್ಗೆ ಬಾಯಾರೆದುರು ಕೊಚ್ಚಿಕೊಳ್ಳುವಂತಿರಲಿಲ್ಲ. ಪಂಪ ಹೊಗಳಿದ ಪುಲಿಗೆರೆಯ ತಿರುಳ್ಗನ್ನಡ ನಮ್ಮದು, ಆ ಪುಲಿಗೆರೆ ಅಂದರೆ ಲಕ್ಷ್ಮೇಶ್ವರ ನಮಗೆ ಕೂಗಳತೆಯ ಊರು ಎಂದು ನಾನು ಎದೆಯುಬ್ಬಿಸಿದರೆ, “ಉತ್ತಂಗಿ ಚನ್ನಪ್ಪನವ್ರು ಯಾರ ಪೈಕಿ?” ಎನ್ನುತ್ತಿದ್ದರು. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಕೂಡಿಹಾಕಿ 1924ರಲ್ಲಿ ಅಚ್ಚಿಗೆ ತಂದವರು, 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು, ‘ತಿರುಳ್ಗನ್ನಡದ ತಿರುಕ’ ಎನಿಸಿಕೊಂಡವರು ಬಾಸೆಲ್ ಮಿಷನ್ನಿನ ಪಾದ್ರಿ. ನಾನು ಸುಮ್ಮನೆ ಚಹಾ ಕುಡಿಯುತ್ತಿದ್ದೆ.

ಇನ್ನು ಉಳ್ಳಾಗಡ್ಡಿಯ ಕಥೆ.

ಆ ವರ್ಷ ನಮ್ಮ ಕಾಕಾ ಎರಡೆಕರೆಗೆ ಉಳ್ಳಾಗಡ್ಡಿ ಹಾಕಿದ್ದ. ಬೆಳೆ ಬಂತು, ದರ ಹೋಯಿತು. ಗದಗಿನ ಮಾರ್ಕೆಟ್ಟಿನಲ್ಲಿ ಚೀಲಕ್ಕೆ 120 ರೂಪಾಯಿ ಅಂದರು. ಲಾರಿ ಬಾಡಿಗೆ, ಹಮಾಲಿ, ಖಾಲಿ ಚೀಲದ ರೊಕ್ಕ ಕಳೆದರೆ ಕಾಕಾನೇ ಕೈಯಿಂದ ಕೊಟ್ಟು ಬರಬೇಕು. ಅದೇ ವಾರ ಸಭೆಯಲ್ಲಿ ಸುಗ್ಗಿ ಹಬ್ಬ. ಬೆಳೆದವರು ಬೆಳೆದದ್ದರಲ್ಲಿ ಒಂದು ಪಾಲು ತಂದು ಕಾಣಿಕೆಯಾಗಿ ಇಡುವುದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು ಕೂಗುವುದು. ನಾನು ತಿಂಗಳುಗಟ್ಟಲೆ ತಿಂದ ಚುನಮರಿಯ ಋಣ ನೆನಪಾಗಿ, ಕಾಕಾನಿಂದ ಒಂದು ಚೀಲ ಬೇಡಿ ಬಸ್ಸಿಗೆ ಹಾಕಿಸಿಕೊಂಡು ಬಂದೆ. “ಒಯ್ಯಿ, ಹೆಂಗೂ ತಿಪ್ಪಿಗೆ ಹಾಕಾವಿದ್ದೆ” ಎಂದು ಕಾಕಾ ಉದಾರವಾಗಿ ಕೊಟ್ಟ.

ಶನಿವಾರ ರಾತ್ರಿ ಬಾಯಾರು ಪಡಸಾಲೆಯಲ್ಲಿ ತಟ್ಟು ಹಾಸಿ ಚೀಲ ಸುರಿದರು. ಒಂದೊಂದೇ ಗಡ್ಡೆ ಎತ್ತಿ, ಹೆಬ್ಬೆರಳಿನಿಂದ ಬುಡ ಒತ್ತಿ ನೋಡಿ, ಮೆತ್ತಗಿದ್ದದ್ದನ್ನು ಅತ್ತ, ಗಟ್ಟಿ ಇದ್ದದ್ದನ್ನು ಇತ್ತ. ನಾಡಿ ನೋಡಿ ಪಳಗಿದ ಕೈ. ಕೆಂಪು ಸಿಪ್ಪೆ ಅವರ ಬಿಳಿ ಸೀರೆಯ ತುಂಬ ಅಂಟಿತ್ತು. ನಾನು ಕಾಕಾನ ಲುಕ್ಸಾನಿನ ಕಥೆ ಹೇಳಿದೆ. ಅವರು ಕೈ ನಿಲ್ಲಿಸದೆ, “ನಿಮ್ಮ ಕಾಕಾಗ ಹೇಳು, ಒಕ್ಕಲತನ ಪಾದ್ರಿಗಳಿಗೂ ದಕ್ಕಿಲ್ಲ ಅಂತ” ಎಂದರು. 1841ರಲ್ಲಿ ಬೆಟಗೇರಿಗೆ ಮಿಷನ್ ಬಂದ ಹೊತ್ತಿಗೇ ಪಕ್ಕದ ಮಲ್ಲಸಮುದ್ರದಲ್ಲಿ ಹೊಲ ಹಿಡಿದು ಕ್ರೈಸ್ತ ಒಕ್ಕಲಿಗರ ಊರು ಕಟ್ಟಲು ಹೊರಟರಂತೆ. ಕಾಲಜ್ಞಾನದ ಭವಿಷ್ಯವಾಣಿ ನಂಬುವ ಮಂದಿ ಹಿಂಡುಗಟ್ಟಲೆ ಬರುತ್ತಾರೆಂದು ಲೆಕ್ಕ ಹಾಕಿದ್ದರು. ಬರಬೇಕಾದವರು ಬರಲಿಲ್ಲ, ಊರು ನಿಲ್ಲಲಿಲ್ಲ. “ಎರಿ ಹೊಲ ನೋಡ್ಪಾ, ಕಾಲಜ್ಞಾನಕ್ಕೂ ತಿಳಿಯಂಗಿಲ್ಲ, ಪಾದ್ರಿಗೂ ತಿಳಿಯಂಗಿಲ್ಲ.”

ಮರುದಿನ ಅಂಗಳದಲ್ಲಿ ಕುಂಬಳಕಾಯಿ, ಜೋಳದ ತೆನೆ, ಶೇಂಗಾ, ಕಾಲು ಕಟ್ಟಿದ ಎರಡು ಜವಾರಿ ಕೋಳಿ, ಹೊಲವಿಲ್ಲದ ನೇಕಾರರೊಬ್ಬರು ಮಗ್ಗದಿಂದ ಇಳಿಸಿ ತಂದ ಸೀರೆ. ಲಿಲಾವು ಕೂಗುವವರು ಪ್ರಕಟಣೆ ಓದುವ ಅದೇ ಹಿರಿಯರು. ನೌಕರಿಯಲ್ಲಿದ್ದಾಗ ಅವರು ಬಸ್ ಕಂಡಕ್ಟರ್ ಆಗಿದ್ದರೆಂದು ಅಂದು ಗೊತ್ತಾಯಿತು. “ಮುಂದ ಬರ್ರಿ, ಮುಂದ ಜಾಗಾ ಖಾಲಿ ಐತಿ! ಬೆಳ್ಳಟ್ಟಿ ಉಳ್ಳಾಗಡ್ಡಿ, ನೂರು, ನೂರಾ ಐವತ್ತು, ಯಾರ್ರಿ ಇನ್ನೂ ಟಿಕೀಟ ತಗೊಂಡಿಲ್ಲ?”

ಮಾಸ್ತರರೊಬ್ಬರು 450ಕ್ಕೆ ಹಿಡಿದರು. ಹಿಡಿದವರು ಚೀಲ ಎತ್ತಲಿಲ್ಲ. “ನನ್ನ ಪರವಾಗಿ ಮತ್ತ ಸಭೆಗೇ ಇರ್ಲಿ” ಎಂದರು. ಮತ್ತೆ ಲಿಲಾವು. ಎರಡನೇ ಸಲ 600. ಅವರೂ ಮರಳಿ ಕೊಟ್ಟರು. ಮೂರನೇ ಸಲ ಐದು ಮಂದಿ ಹೆಂಗಸರು ಗುಸುಗುಸು ಮಾಡಿ, ಸೆರಗಿನ ಗಂಟು ಬಿಚ್ಚಿ, ಪಾಲು ಹಾಕಿ 900ಕ್ಕೆ ಕೂಗಿ ಚೀಲವನ್ನು ಅಲ್ಲೇ ಮೊರದಲ್ಲಿ ಐದು ಪಾಲು ಮಾಡಿಕೊಂಡರು. ಕೂಡಿ ರೊಕ್ಕ ಹಾಕುವ ವಿದ್ಯೆ ಈ ನೆಲಕ್ಕೇನು ಹೊಸದೇ? ದೇಶದ ಮೊದಲ ಕೃಷಿ ಸಹಕಾರಿ ಸಂಘವೆಂದು ಹೆಸರಾದದ್ದು 1905ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಕಣಗಿನಹಾಳದಲ್ಲಿ. ಬುಧವಾರದ ಸ್ತ್ರೀಯರ ಅನ್ಯೋನ್ಯತೆಯಲ್ಲಿ ಏನು ನಡೆಯುತ್ತದೆಂಬುದು ನನಗೆ ಅಂದು ಅರ್ಧ ತಿಳಿಯಿತು.

ಲೆಕ್ಕ ಕೇಳಿ ಕಾಕಾ ಬಹಳ ಹೊತ್ತು ಮಾತಾಡಲಿಲ್ಲ.

“ಒಂದ ಚೀಲ. 1,950 ರೂಪಾಯಿ. ಮಾಲ ಎತ್ತದಽ ಮೂರ ಸಲ ಮಾರಿದ್ರು?”

“ಹೌದು.”

“ದಲಾಲಿ ಎಷ್ಟ ಹಿಡಿದ್ರು?”

“ದಲಾಲಿ ಇಲ್ಲ. ಊಟ ಹಾಕಿದ್ರು.”

ಕಾಕಾ ಟವೆಲು ಕೊಡವಿ ಹೆಗಲಿಗೆ ಹಾಕಿದ. “ಉಳದ ಮೂವತ್ತೆಂಟು ಚೀಲಾನೂ ಅಲ್ಲೇ ಒಯ್ಯೂಣಲ?”

ಅದು ವ್ಯಾಪಾರವಲ್ಲ, ಕಾಣಿಕೆ ಎಂದು ತಿಳಿಸಿಹೇಳುವುದರಲ್ಲಿ ನನಗೆ ಎರಡು ಸೆಮಿಸ್ಟರ್ ಹಿಡಿಯಿತು. ಮರುವರ್ಷ ದರ ಏರಿತು. ಗಡ್ಡೆ ಬಂಗಾರವಾಯಿತು, ರಾತ್ರಿ ಹೊಲದಲ್ಲಿ ಕಾವಲು. ಈ ಸಲ ಕಾಕಾ ಕೊಡಲಾರ ಎಂದುಕೊಂಡಿದ್ದೆ. ಮಾಗಡಿ ಕೆರೆಗೆ ಹಿಮಾಲಯ ದಾಟಿ ಹೆಬ್ಬಾತುಗಳು ಬಂದಿಳಿಯುವ ಹೊತ್ತಿಗೆ, ಕರೆಯದೆಯೇ, ತಾನೇ ಬೆಟಗೇರಿಗೆ ಬಂದಿಳಿದ. ಹೆಗಲ ಮೇಲೆ ಚೀಲ. ಹೋದ ವರ್ಷದ್ದಕ್ಕಿಂತ ಗಿಡ್ಡ, ಅದರ ಮಾತು ನಾನು ಎತ್ತಲಿಲ್ಲ. “ಲಿಲಾವು ಹೆಂಗ ನಡಸ್ತಾರ, ಒಮ್ಮಿ ಕಣ್ಣಿಲೆ ನೋಡಬೇಕು” ಎಂದ. ಬಾಯಾರು ಅವನಿಗೂ ಚಹಾ ಕೊಟ್ಟು, ಮುಂದಿನ ಬೆಂಚಿನಲ್ಲೇ ಕೂರಿಸಿದರು. ಪ್ರಸಂಗದುದ್ದಕ್ಕೂ ಕಾಕಾ ಕಾಣಿಕೆಯ ರಾಶಿಯಲ್ಲಿದ್ದ ತನ್ನ ಚೀಲದ ಮೇಲೆಯೇ ಕಣ್ಣಿಟ್ಟಿದ್ದ.

ಲಿಲಾವು ಶುರುವಾಯಿತು. ಕಂಡಕ್ಟರ್ ಹಿರಿಯರು ಬೆಳ್ಳಟ್ಟಿ ಹೆಸರು ಕೂಗಿದರು. ಯಾರೋ 800 ಎಂದರು. ಕಾಕಾ ಎದ್ದ. “ಎಂಟ್ನೂರಕ್ಕೇನ್ರಿ? ಹಿಂತಾ ಗಡ್ಡಿ ಎಲ್ಲಿ ಸಿಗ್ತೈತಿ? ಸಾವಿರ!” ಅವರು 1,100 ಎಂದರು. ಇವನು 1,300. ನಾನು ಅಂಗಿ ಜಗ್ಗಿದೆ, ಬಿಡಲಿಲ್ಲ. 1,500ಕ್ಕೆ ಅಂಗಳ ಚಪ್ಪಾಳೆ ತಟ್ಟಿತು. ಮರಳಿ ಕೊಡುವ ಪದ್ಧತಿ ಅವನಿಗೆ ನೆನಪಿರಲಿಲ್ಲವೋ, ನೆನಪಾಗಬಾರದೆಂದೇ ಅವಸರ ಮಾಡಿದನೋ, ಚೀಲ ಹೆಗಲಿಗೇರಿಸಿ ಅಯ್ಯನವರಿಗೆ “ಶರಣ್ರಿ” ಎಂದು ಹೊರಟೇಬಿಟ್ಟ.

ಬಸ್ಸಿನಲ್ಲಿ ಕಂಡಕ್ಟರ್ ಚೀಲಕ್ಕೆ ಲಗೇಜ್ ಟಿಕೀಟು ಹರಿದ. ಬೆಳ್ಳಟ್ಟಿಯಲ್ಲಿ ಕಾಕು ಬಾಗಿಲಲ್ಲೇ ನಿಂತಿದ್ದಳು.

“ಯಾರೂ ತಗೊಳ್ಳಿಲ್ಲೇನು?”

“ತಗೊಂಡ್ರು” ಎಂದ ಕಾಕಾ, ಚೀಲ ಇಳಿಸುತ್ತ. “ನಾನಽ ತಗೊಂಡೆ.”