ಜೀರ್ಣಕರ್ಷಣದಂಡ ಮೀಮಾಂಸೆ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನಿವೃತ್ತನಾದ ಗೃಹಸ್ಥನು ವಾನಪ್ರಸ್ಥವನ್ನು ಕೈಕೊಳ್ಳುವಾಗ ಗೃಹವನ್ನು ತ್ಯಜಿಸದೆ, ಪಾಕಶಾಲೆ ಶಯ್ಯಾಗಾರ ಶೌಚಾಲಯಗಳ ಸಮೇತ ಅದಕ್ಕೆ ಗಾಲಿಗಳನ್ನು ಹೂಡಿಸಿ, ಮೋಟರ್‌ಹೋಮ್ ಎಂಬ ಆ ಮಹಾರಥವನ್ನೇರಿ ಚಳಿಗಾಲದಲ್ಲಿ ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿಗೆ ತೆರಳುವನೆಂಬುದು ಸುವಿದಿತವಷ್ಟೆ. ಹಾಲು ಬ್ರೆಡ್ಡುಗಳನ್ನು ತರಲು ಅಂತಹ ರಥವನ್ನು ಅಂಗಡಿಯ ಮುಂದೆ ನಿಲ್ಲಿಸುವುದು ಅಸಾಧ್ಯವಾದ್ದರಿಂದ, ಒಂದು ಸಣ್ಣ ಕಾರನ್ನು ನಾಲ್ಕು ಚಕ್ರಗಳೂ ನೆಲದ ಮೇಲುರುಳುವಂತೆ ಹಿಂದೆ ಕಟ್ಟಿ ಎಳೆದೊಯ್ಯುವುದೂ ಅಷ್ಟೇ ಪ್ರಸಿದ್ಧವಾಗಿದೆ. ಇವೆರಡನ್ನೂ ಕೂಡಿಸುವ ಟೋ ಬಾರ್ ಎಂಬ ಉಕ್ಕಿನ ದಂಡವು ಯಾವಾಗ ತ್ಯಾಜ್ಯವಾಗುತ್ತದೆಂಬುದೇ ಪ್ರಕೃತ ಜಿಜ್ಞಾಸೆ.

ಇಲ್ಲಿ ಪೂರ್ವಪಕ್ಷಿಯ ವಾದವಿದು: ನಿನ್ನೆಯವರೆಗೆ ಮುರಿಯಲಿಲ್ಲವಾದ್ದರಿಂದ ನಾಳೆಯೂ ಮುರಿಯದು. ಆದರೆ ನಿನ್ನೆ ಮುರಿಯದಿರುವಿಕೆಯೆಂಬ ಗುಣವು ನಾಳೆ ಮುರಿಯತಕ್ಕ ದಂಡಕ್ಕೂ ಮುರಿಯದ ದಂಡಕ್ಕೂ ಸಮಾನವಾಗಿ ಸಲ್ಲುವುದರಿಂದ, ಇದು ನೈಯಾಯಿಕರು ಸವ್ಯಭಿಚಾರವೆಂದು ತಳ್ಳಿಹಾಕಿದ ಹೇತ್ವಾಭಾಸವೇ ಸರಿ. ಚಾರ್ವಾಕನಾದರೋ ಪ್ರತ್ಯಕ್ಷವನ್ನಲ್ಲದೆ ಅನ್ಯಪ್ರಮಾಣವನ್ನೊಪ್ಪನು. ತನ್ನ ಕಾರು ಪಕ್ಕದ ಸಾಲಿನಲ್ಲಿ ತನ್ನನ್ನೇ ಹಿಂದಿಕ್ಕಿ ಹೋಗುವುದನ್ನು ಕಂಡಮೇಲೆ ಮಾತ್ರವೇ ದಂಡವು ಹಳತಾಯಿತೆಂದು ನಂಬುವನು. ಶಬ್ದಪ್ರಮಾಣವಾದ ತಯಾರಕರ ಕೈಪಿಡಿಯು, ಪೂಜ್ಯಗ್ರಂಥಗಳಿಗೆ ಸಲ್ಲತಕ್ಕ ಮರ್ಯಾದೆಯೊಡನೆ, ಅಂದರೆ ಯಾರಿಂದಲೂ ಓದಲ್ಪಡದೆ, ಡ್ರಾಯರಿನಲ್ಲಿ ವಿರಾಜಿಸುತ್ತಿರುತ್ತದೆ.

ಸಿದ್ಧಾಂತವೇನೆಂದರೆ, ಜೀರ್ಣತೆಗೆ ವರ್ಷಗಣನೆಯೊಂದೇ ಸಾಕ್ಷಿಯಲ್ಲ. ಪಿನ್ನು ಕೂರುವ ದುಂಡು ತೂತು ಸವೆದು ಮೊಟ್ಟೆಯಾಕಾರವನ್ನು ತಳೆಯಿತೇ, ಚಾಚಿದ ತೋಳು ಬೀಗಗೊಳ್ಳದೆ ಜಾರುತ್ತಿದೆಯೇ, ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕುಂಟೇ ಎಂಬುದನ್ನು ಮಂಡಿಯೂರಿ ನೋಡತಕ್ಕದ್ದು. (ವಾದಿಗಳಲ್ಲಿ ಬಹುಮಂದಿಗೆ ಮಂಡಿಯೂರುವುದಕ್ಕಿಂತ ವಾದವೇ ಸುಲಭ.) ಹಿಮ ಕರಗಿಸಲು ಹೆದ್ದಾರಿಗೆ ಉಪ್ಪೆರಚುವ ಉತ್ತರದ ರಾಜ್ಯಗಳಲ್ಲಿ ಸಂಚರಿಸಿದ ದಂಡವು ಅಕಾಲವೃದ್ಧಾಪ್ಯವನ್ನು ಹೊಂದುವುದುಂಟು, ಮೇಲ್ಮೈಯ ತುಕ್ಕನ್ನು ಉಜ್ಜಿ ತೆಗೆಯಬಹುದು, ಲೋಹವನ್ನೇ ತಿಂದ ತುಕ್ಕಿಗೆ ಪರಿಹಾರವಿಲ್ಲ. ಕಾರನ್ನು ಕಟ್ಟಿಕೊಂಡೇ ರಥವನ್ನು ಹಿಮ್ಮುಖವಾಗಿ ನಡೆಸಿದವನ ದಂಡಕ್ಕೆ ವಯಸ್ಸನ್ನೇ ಕೇಳಬೇಕಾಗಿಲ್ಲ. ತೋಳು ಬಾಗಿದ್ದರೆ, ನಿನ್ನೆ ಕೊಂಡದ್ದಾದರೂ ಅದು ಜೀರ್ಣವೇ.

ಇನ್ನು ಹಗುರವಾದ ಕಾರನ್ನು ಮಾರಿ ಭಾರವಾದ ಜೀಪನ್ನು ಕೊಂಡವನ ವಿಷಯ. ಅವನ ದಂಡವು ನವನವೀನವಾಗಿದ್ದರೂ ಅಸಮರ್ಥವಾಗಬಹುದು. ಏಕೆಂದರೆ 5,000 ಪೌಂಡಿನ ಟೋ ಬಾರನ್ನು ರಥದ ಹಿಂಬದಿಯ 10,000 ಪೌಂಡಿನ ಹಿಚ್ಚೆಂಬ ಕೊಂಡಿಗೆ ಸಿಕ್ಕಿಸಿದ ಮಾತ್ರಕ್ಕೆ ಎಳೆಯುವ ಶಕ್ತಿಯು 5,000ವನ್ನು ಮೀರದು, ಈ ಪಂಕ್ತಿಯಲ್ಲಿ ಅತ್ಯಲ್ಪನೇ ಅಧಿಪತಿ.

ಎಲ್ಲ ಮತಸ್ಥರಿಗೂ ಸಮಾನವಾದ ವಿಧಿಯೊಂದುಂಟು: ದಂಡವು ಮುರಿದರೂ ಕಾರನ್ನು ಹಿಡಿದಿಡತಕ್ಕ ಸೇಫ್ಟಿ ಕೇಬಲ್ಲಿನ ಎಳೆಗಳು ಬಿಚ್ಚಿದ್ದರೆ ಅಂದೇ ಬದಲಾಯಿಸಿ, ಹೊಸವನ್ನು ದಂಡದ ಕೆಳಗೆ ಒಂದರಮೇಲೊಂದು ಅಡ್ಡಹಾಯುವಂತೆ ಕಟ್ಟತಕ್ಕದ್ದು. ಚಾರ್ವಾಕನು ಎರಡು ಸಲ ಕಟ್ಟಿದರೂ ನಮ್ಮ ಆಕ್ಷೇಪಣೆಯಿಲ್ಲ.