ಕೊಳದ ರಾಯರು

ಮನೆಗೆ ಬಂದವರು ಚಪ್ಪಲಿ ಬಿಟ್ಟು ಆರೋಗ್ಯ ವಿಚಾರಿಸುವುದು ವಾಡಿಕೆ. ಕೊಳದ ರಾಯರಿಗೆ ಎರಡಕ್ಕೂ ಪುರುಸೊತ್ತಿಲ್ಲ. ಗೇಟು ತೆಗೆದವರೇ ಸೀದಾ ಹಿತ್ತಿಲಿಗೆ. ಅಲ್ಲಿಂದಲೇ ಕೂಗು: "ನೈದಿಲೆಗೆ ಹಸಿ ಸೆಗಣಿ ಹಾಕಿದ್ದು ಯಾರು ಮಾರಾಯ್ರೆ? ನೀರೆಲ್ಲ ಪಾಚಿ!"

ಮಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದ ನಿವೃತ್ತರು, ಮಗ ಗಲ್ಫಿನಲ್ಲಿ, ಹಿತ್ತಿಲಲ್ಲಿ ಮುರಕಲ್ಲು ಕಡಿಸಿ ಮಾಡಿದ ಒಂದು ಕೊಳ. ಬೇಡವೆಂದರೂ ತೊಟ್ಟೆಯಲ್ಲಿ ಗಿಡ ತುಂಬಿಸಿ ಕೊಡುತ್ತಾರೆ. ಸಾಲ ಕೊಟ್ಟ ಮ್ಯಾನೇಜರರಂತೆ ಆಮೇಲೆ ತನಿಖೆಗೂ ಬರುತ್ತಾರೆ. ಕದ್ರಿ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಹೂವಿನ ಅಲಂಕಾರ ಅವರಿಗೆ ಕಾಣುವುದಿಲ್ಲ, ಕಾರಂಜಿಯ ಬುಡದ ಪಾಚಿ ಕಾಣುತ್ತದೆ.

ದೇರೆಬೈಲಿನ ಆ ಮನೆ ಒಕ್ಕಲನ್ನು ನಾನು ಮರೆಯುವಂತಿಲ್ಲ. ಎಲೆ ಹಾಕಿಯಾಗಿತ್ತು. ಅನಾನಸ್ ಮೆಣಸ್ಕಾಯಿ ನನ್ನಿಂದ ಎರಡು ಎಲೆಯಾಚೆಗೆ ಬಂದಿತ್ತು. ರಾಯರು ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಬನ್ನಿ, ಒಂದು ಅನಾಹುತ ಉಂಟು."

ಅನಾಹುತ ಮನೆಯ ಹಿಂದಿನ ಹೊಸ ಕೊಳದಲ್ಲಿ ತೇಲುತ್ತಿತ್ತು. ನೇರಳೆ ಹೂವಿನ ವಾಟರ್ ಹಯಸಿಂತ್. ಹುಡುಗಿಯರು ಅದರೆದುರು ಸೆಲ್ಫಿ ತೆಗೆಯುತ್ತಿದ್ದರು. ರಾಯರು ಜರಿ ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತು ಒಂದು ಬುಡ ಕಿತ್ತೇಬಿಟ್ಟರು. ಮೊಳದುದ್ದದ ಕಪ್ಪು ಬೇರಿನ ಕೆಸರು ನೀರು ಹೊಸ ಗ್ರಾನೈಟಿನ ಮೇಲೆ ಸುರಿಯಿತು.

"ಇದು ದಕ್ಷಿಣ ಅಮೆರಿಕದ್ದು. ಹದಿನೈದು ದಿನಕ್ಕೆ ದುಪ್ಪಟ್ಟಾಗ್ತದೆ. ಜೂನ್‌ನಲ್ಲಿ ಕೊಳ ತುಂಬಿ ಉಕ್ಕಿದರೆ ಸೀದಾ ತೋಡಿಗೆ, ತೋಡಿನಿಂದ ಹೊಳೆಗೆ. ಮತ್ತೆ ಈ ಬೇರು ನೋಡಿ! ಮ್ಯಾನ್ಸೋನಿಯಾ ಸೊಳ್ಳೆಯ ಮರಿ ಉಸಿರಿಗೆ ಮೇಲೆ ಬರುವುದಿಲ್ಲ. ಇದಕ್ಕೆ ಕೊಳವೆ ಚುಚ್ಚಿ ಒಳಗಿನ ಗಾಳಿ ಹೀರ್ತದೆ. ನೀವು ಮೇಲೆ ಎಣ್ಣೆ ಹೊಯ್ದರೂ ಅದಕ್ಕೆ ಬಾಧಕ ಇಲ್ಲ. ಕೇರಳದ ಚೇರ್ತಲೆಯಲ್ಲಿ ಆನೆಕಾಲು ಹಬ್ಬಿಸಿದ್ದು ಇದೇ ಸೊಳ್ಳೆ."

ಮಲೇರಿಯಾಕ್ಕೆ ಹೆಸರಾದ ಊರಿನಲ್ಲಿ, ಒಕ್ಕಲಿನ ದಿನ, ಆನೆಕಾಲಿನ ಮಾತು! ಯಜಮಾನರ ಮುಖ ಬಿಳಿಚಿತು. ಅಷ್ಟಕ್ಕೇ ಮುಗಿಯುತ್ತಿತ್ತು, ಪುರೋಹಿತರು ಕುತೂಹಲದಿಂದ, "ಹಾಗಾದ್ರೆ ಎಂತ ಹಾಕ್ಬೇಕು ರಾಯರೇ?" ಎಂದುಬಿಟ್ಟರು.

ರಾಯರು ನೆಲದ ಮೇಲೆ ಆರಾಮಾಗಿ ಕೂತರು. ತಾವರೆಗೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಹಲಸಿನ ಮರದಡಿ ಆಗದು. ನೈದಿಲೆಯನ್ನು ಬಿಸಿಲು ಬೀಳುವ ಮೂಲೆಗೆ, ಅಂಟುಮಣ್ಣು ತುಂಬಿದ ಕುಂಡದಲ್ಲಿ ಇಳಿಸಬೇಕು. ಮೀನು ಕೆದಕದಂತೆ ಮೇಲೊಂದು ಪದರ ಜಲ್ಲಿ. ಎಲೆ ಅರ್ಧ ಕೊಳ ಮುಚ್ಚಿದರೆ ಪಾಚಿಗೆ ಬಿಸಿಲು ಸಿಕ್ಕದು. ಮಿಕ್ಕರ್ಧ ಖಾಲಿ ಇರಲಿ, ಗಪ್ಪಿ ಮೀನು ಸೊಳ್ಳೆಮರಿ ಹುಡುಕಿ ತಿನ್ನಲು. ತಳದಲ್ಲಿ ಒಂದು ಹಿಡಿ ಹೈಡ್ರಿಲ್ಲಾ ಸಾಕು, ಪಾಚಿಯ ಊಟ ಅದು ತಿಂದುಕೊಳ್ಳುತ್ತದೆ. ಅಂಚಿಗೆ ಬಜೆ, ಒಂದೆಲಗ, ಕೆಸು.

ಹೈಡ್ರಿಲ್ಲಾಕ್ಕೂ ಗಪ್ಪಿಗೂ ಊಟದ ವ್ಯವಸ್ಥೆಯಾಯಿತು. ನಾವು ಮರಳುವಾಗ ಪಂಕ್ತಿ ಎದ್ದಿತ್ತು. ನನಗೆ ಸಿಕ್ಕಿದ್ದು ಸಾರು ಮತ್ತು ಮಜ್ಜಿಗೆ.

ಸಿಟ್ಟು ಬರುವುದು ಅವರು ಹೇಳಿದ್ದೆಲ್ಲ ಸರಿಯಾಗಿರುತ್ತದಲ್ಲ, ಅದಕ್ಕೆ. ಬರೆಯುವವನ ಹಿತ್ತಿಲಲ್ಲಿ ಒಂದು ತಾವರೆ ಇದ್ದರೆ ಕಳೆ ಎಂದು ನನಗೊಂದು ಆಸೆಯಿತ್ತು. "ತಾವರೆ ನಿಮ್ಮ ಲೇಖನದಲ್ಲಿರಲಿ, ಇಲ್ಲಿ ಬಿಸಿಲಿಲ್ಲ" ಎಂದು ಕೆಸು ನೆಡಿಸಿದರು. ಆಟಿ ತಿಂಗಳಲ್ಲಿ ಅದರ ಎಲೆಯ ಪತ್ರೊಡೆ ತಿನ್ನುತ್ತಾ ಅವರನ್ನು ಬೈಯುವುದು ಕಷ್ಟ. ನನ್ನ ಹೆಂಡತಿಯಂತೂ ಒಂದೆಲಗದ ಚಟ್ನಿ ಮಾಡಿದ ದಿನ ಮೊದಲ ಡಬ್ಬಿ ಅವರಿಗೇ ಕಳಿಸುತ್ತಾಳೆ.

ಈಗ ಅವರ ಜಾಗಕ್ಕೆ ಬಿಲ್ಡರ್ ಬರುತ್ತಿದ್ದಾನಂತೆ. ಮಗನಿಗೂ ಮನಸ್ಸಿದೆ. ಗುಜ್ಜರಕೆರೆ, ಕಾವೂರು ಕೆರೆಗಳಿಗಾದರೆ ಸರಕಾರದ ದುಡ್ಡು ಬಂತು. ಹಿತ್ತಿಲ ಕೊಳಕ್ಕೆ ಯಾವ ಯೋಜನೆ? ಇತ್ತೀಚೆಗೆ ತೊಟ್ಟೆಗಳು ವಾರಕ್ಕೆರಡರಂತೆ ಬರುತ್ತಿದ್ದುದನ್ನು ನೋಡಿದರೆ, ಬ್ಯಾಂಕಿನವರು ಖಾತೆ ವರ್ಗಾಯಿಸುವ ಹಾಗೆ ಇಡೀ ಕೊಳವನ್ನೇ ನಮ್ಮ ಹಿತ್ತಿಲುಗಳಿಗೆ ಸಾಗಿಸುತ್ತಿದ್ದರೋ ಏನೋ. ಕೇಳಲು ನನಗೆ ಧೈರ್ಯವಾಗಲಿಲ್ಲ.

ಸದ್ಯ ಬಹರೈನಿನಲ್ಲಿ ಮಗನ ಮನೆಯಲ್ಲಿದ್ದಾರೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ವಿಡಿಯೋ ಕಾಲ್. ಮೊನ್ನೆ ನಾನು ತಲೆ ಬಾಚಿಕೊಂಡು, "ಹೇಗಿದ್ದೀರಿ ರಾಯರೇ?" ಎಂದೆ.

"ಮೊಬೈಲ್ ಸ್ವಲ್ಪ ಕೆಳಗೆ ಹಿಡೀರಿ ಮಾರಾಯ್ರೆ. ನಿಮ್ಮ ಮುಖ ನೋಡಿ ನನಗೆಂತ ಆಗ್ಲಿಕ್ಕುಂಟು?"